ಸಿಂಚನಳ ಗ್ಲೌಸು

ಸಿಂಚನಳ ಕೈ ಕಪ್ಪಗಿತ್ತು. ಅವಳು ಮಾಡಿದ ತಪ್ಪು ಅಷ್ಟೇ.

ಕದ್ದಿರಲಿಲ್ಲ. ಯಾರಿಗೂ ಹೊಡೆದಿರಲಿಲ್ಲ. ನಾಲ್ಕನೇ ಕ್ಲಾಸಿನ ಹುಡುಗಿ, ಶನಿವಾರದ ಕೀಬೋರ್ಡ್ ಕ್ಲಾಸಿನಲ್ಲಿ ಎರಡೂ ಕೈಯನ್ನು ಬಿಳಿ ಕೀಲಿಗಳ ಮೇಲೆ ಇಟ್ಟಳು. ಪಕ್ಕದಲ್ಲಿ ಕೂತಿದ್ದ ನಯನ ಮನೆಗೆ ಹೋಗಿ ಆ ಕೈಯ ಸುದ್ದಿ ಹೇಳಿದಳು. ನಯನಳ ಅಮ್ಮ ಶಾಲೆಗೆ ಫೋನು ಮಾಡಿದಳು. ಸೋಮವಾರ ಬೆಳಗ್ಗೆ ಸಿಂಚನಳ ತಾಯಿ ಮಾಲತಿಗೆ ಕಾನ್ವೆಂಟಿನಿಂದ ಹೇಳಿಕಳಿಸಿದರು.

ಕಾನ್ವೆಂಟು ಅಂದರೆ ಕೊಪ್ಪದಿಂದ ನಾರ್ವೆ ಊರಿನ ಕಡೆಗೆ ಹೋಗುವಾಗ ಗುಡ್ಡ ಕಡಿದು ಕಟ್ಟಿದ ಸಿಸ್ಟರ್‌ಗಳ ಪ್ರೈಮರಿ ಶಾಲೆ. ಅಲ್ಲಿಗೆ ಹಸಲರ ಕಾಲನಿಯ ಮಕ್ಕಳು ಹೋಗುತ್ತಾರೆ ಎಂದು ಕಾಲನಿಯವರೇ ಯಾವತ್ತೂ ಎಣಿಸಿರಲಿಲ್ಲ. ಎರಡು ವರ್ಷದ ಹಿಂದೆ ಹೆಡ್‌ಮಿಸ್ ಸಿಸ್ಟರ್ ಲೀನಾ ತಾವೇ ಕಾಲನಿಗೆ ಬಂದರು. ಮಾಲತಿಯ ಮನೆಯ ಜಗಲಿಯಲ್ಲಿ ಕೂತರು. ಹಾಲಿಲ್ಲದ ಟೀ ಕೊಟ್ಟರೆ ಕುಡಿದರು. ಅದೇ ದೊಡ್ಡ ಸುದ್ದಿಯಾಯಿತು. ಹಸಲರ ಮನೆಯ ಲೋಟದಲ್ಲಿ ಟೀ ಕುಡಿದವರು ಆ ರಸ್ತೆಯಲ್ಲಿ ಅವರಿಗಿಂತ ಮೊದಲು ಯಾರಿದ್ದರು?

"ನಾಲ್ಕು ಮಕ್ಕಳನ್ನು ಕಳಿಸಿ. ಫೀಸು ಬೇಡ. ಪುಸ್ತಕ, ಯೂನಿಫಾರ್ಮು ನಮ್ಮದು. ಎಲ್ಲದಕ್ಕೂ ಸಪೋರ್ಟ್ ಉಂಟು" ಅಂದರು ಸಿಸ್ಟರ್.

ಆ ಸಪೋರ್ಟ್ ಮಕ್ಕಳ ಬೆನ್ನಿಗೇ ಅಂಟಿಕೊಂಡಿತು. ಶಾಲೆಯಲ್ಲಿ ಸಪೋರ್ಟ್ ರೂಮ್ ಅಂತ ಒಂದಿದೆ. ಲೆಕ್ಕ, ಇಂಗ್ಲಿಷು ಹತ್ತದ ಮಕ್ಕಳಿಗೆ ಅಲ್ಲಿ ಬೇರೆ ಪಾಠ. ಒಳ್ಳೆಯದೇ. ಸಿಂಚನಳಿಗೂ ಲೆಕ್ಕ ಹತ್ತುತ್ತಿರಲಿಲ್ಲ, ಕೂತು ಕಲಿತಳು. ಆದರೆ ಪಾಠ ಮುಗಿಸಿ ಹೊರಗೆ ಬಂದ ಮೇಲೂ ಹೆಸರು ಬಿಡಲಿಲ್ಲ. ಆಯಾ, ಬಸ್ಸಿನ ಡ್ರೈವರು, ಜೊತೆಯ ಮಕ್ಕಳು, ಎಲ್ಲರ ಬಾಯಲ್ಲೂ ಕಾಲನಿಯ ನಾಲ್ವರು 'ಸಪೋರ್ಟ್ ಮಕ್ಕಳು.' ಜಾತಿ ಹೆಸರು ಹಿಡಿದು ಕರೆದರೆ ಕೇಸಾಗುತ್ತದೆ. ಸಪೋರ್ಟ್ ಅಂತ ಕರೆದರೆ ಯಾವ ಕೇಸೂ ಇಲ್ಲ ನೋಡಿ.

ಶನಿವಾರ ಮಾತ್ರ ಬೇರೆ. ಶನಿವಾರ ಎನ್‌ರಿಚ್‌ಮೆಂಟ್ ಕ್ಲಾಸು. ಅಬಾಕಸ್, ಕರಾಟೆ, ಕೀಬೋರ್ಡು. ಕೀಬೋರ್ಡುಗಳನ್ನು ಕೊಡಿಸಿದ್ದು ಪೇರೆಂಟ್ಸ್ ಕಮಿಟಿ. ಕಮಿಟಿಯ ಅಧ್ಯಕ್ಷ ರಾಕೇಶಗೌಡ, ನಯನಳ ಅಪ್ಪ. ಒಂದು ಕೀಬೋರ್ಡಿಗೆ ಇಬ್ಬರು ಮಕ್ಕಳಂತೆ ಕೂರಿಸಿದ ಮಾಸ್ಟ್ರು ಸಿಂಚನಳನ್ನು ನಯನಳ ಪಕ್ಕ ಕೂರಿಸಿದರು. ಲೆಕ್ಕ ಎಷ್ಟು ಸಲ ಹೇಳಿದರೂ ಹತ್ತದ ಹುಡುಗಿಗೆ ಕೀಬೋರ್ಡು ಎರಡನೇ ಸಲಕ್ಕೇ ಹತ್ತಿತು. ಭಾರೀ ಪ್ರತಿಭೆ ಅಂತ ಅಲ್ಲ. ನಯನ ಬಾರಿಸಿದಷ್ಟು ಬಾರಿಸುತ್ತಿದ್ದಳು, ನಯನ ತಪ್ಪಿದಷ್ಟು ತಪ್ಪುತ್ತಿದ್ದಳು. ಅಷ್ಟು ಸಾಕಿತ್ತು. ಯಾರ ಸಪೋರ್ಟೂ ಬೇಡದ ಒಂದು ಜಾಗ ಆ ಶಾಲೆಯಲ್ಲಿ ಅವಳಿಗೆ ಸಿಕ್ಕಿತ್ತು.

ಕ್ರಿಸ್ಮಸ್ ಕಾರ್ಯಕ್ರಮಕ್ಕೆ ಆರು ಮಕ್ಕಳು ಸ್ಟೇಜಿನ ಮೇಲೆ ಬಾರಿಸುವುದೆಂದು ತೀರ್ಮಾನವಾಯಿತು. ಆರರಲ್ಲಿ ಸಿಂಚನ ಒಬ್ಬಳು. ಮನೆಯಲ್ಲಿ ಕೀಬೋರ್ಡು ಎಲ್ಲಿಂದ ಬರಬೇಕು? ಒಂದು ಹಳೆಯ ಹಲಗೆ ತಂದಳು. ಇದ್ದಿಲಿನಿಂದ ಕೀಲಿ ಬರೆದಳು. ಸಂಜೆ ಆ ಹಲಗೆಯನ್ನು ಮಡಿಲಲ್ಲಿಟ್ಟುಕೊಂಡು ಟಕ ಟಕ ಕುಟ್ಟುತ್ತಾ ಬಾಯಲ್ಲಿ ಹಾಡಿಕೊಳ್ಳುತ್ತಿದ್ದಳು. "ಅವ್ವ, ನೀ ಮುಂದಿನ ಸಾಲಲ್ಲಿ ಕೂರ್ಬೇಕು, ತಿಳೀತಾ?" ಅನ್ನುತ್ತಿದ್ದಳು. ಮಾಲತಿ ನಗುತ್ತಿದ್ದಳು. ಮುಂದಿನ ಸಾಲು ಯಾರದ್ದೆಂದು ಅವಳಿಗೆ ಗೊತ್ತಿತ್ತು.

ಸೋಮವಾರ ಮಾಲತಿ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಸಿಸ್ಟರ್ ಲೀನಾ ಅವರ ಮೇಜಿನ ಮುಂದೆ ನಿಂತಳು. ಕೂತ್ಕೊಳ್ಳಿ ಅಂದರು. ಕೂರಲಿಲ್ಲ.

"ಬೇಸರ ಮಾಡ್ಬೇಡಿ ಮಾಲತಿ. ಸಿಂಚನ ಒಳ್ಳೆ ಹುಡುಗಿ. ಆದ್ರೆ ಕ್ಲೀನ್ ಇರ್ಬೇಕಲ್ಲ? ಅವಳ ಕೈ ನೋಡಿದ್ದೀರಾ, ಹೇಗುಂಟು ಅಂತ?"

"ಅದು ಕೊಳೆ ಅಲ್ಲ ಸಿಸ್ಟರ್. ಅಡಿಕೆ ಸುಲಿದ ಕರೆ."

"ಎಂತದೇ ಇರ್ಲಿ. ಕೀಬೋರ್ಡಿಗೆ ಹತ್ತುತ್ತದೆ, ನಮ್ಮ ಮಕ್ಕಳ ಕೈಗೆ ಹತ್ತುತ್ತದೆ ಅಂತ ಪೇರೆಂಟ್ಸ್ ಹೇಳ್ತಾ ಇದ್ದಾರೆ."

"ಸೋಪು ಹಾಕಿ ತಿಕ್ಕಿದ್ರೂ ಬಿಡದ ಕರೆ ಸಿಸ್ಟರ್ ಅದು. ಬೇರೆಯೋರಿಗೆ ಹ್ಯಾಂಗೆ ಹತ್ತುತ್ತೆ?"

ಸಿಸ್ಟರ್ ಮಂಗಳೂರು ಕಡೆಯವರು. ಅಲ್ಲಿ ಅಡಿಕೆಯನ್ನು ಒಣಗಿಸಿ ಸುಲಿಯುತ್ತಾರೆ, ಕೈಗೆ ಏನೂ ಆಗುವುದಿಲ್ಲ. ಇಲ್ಲಿ ಹಾಗಲ್ಲ. ಹಸಿ ಕಾಯನ್ನೇ ಸುಲಿಯಬೇಕು. ಸುಲಿಯುವಾಗ ರಸಕ್ಕೆ ಬಣ್ಣವೇ ಇಲ್ಲ, ನೀರಿನ ಹಾಗೆ ಇರುತ್ತದೆ. ಕೈಗೆ ಹತ್ತಿ, ಕತ್ತಿಯ ಕಬ್ಬಿಣ ಸೇರಿ, ಗಾಳಿಯಾಡಿದ ಮೇಲೆ ಕಪ್ಪಾಗುತ್ತದೆ. ಉಗುರಿನ ಬುಡ, ಹೆಬ್ಬೆರಳ ಸೀಳು, ಅಂಗೈಯ ಗೆರೆ, ಎಲ್ಲಾ ಕಪ್ಪು. ಸುಗ್ಗಿ ಮುಗಿದು ತಿಂಗಳಾದರೂ ಪೂರ್ತಿ ಹೋಗುವುದಿಲ್ಲ. ಸಿಸ್ಟರ್‌ಗೆ ಇದು ಗೊತ್ತಿಲ್ಲದಿದ್ದರೆ ಹೋಗಲಿ. ನಯನಳ ಅಮ್ಮನಿಗೆ ಗೊತ್ತಿಲ್ಲವೇ? ಕರೆ ಹತ್ತಿದ್ದೇ ಅವಳ ಮನೆಯ ಅಂಗಳದಲ್ಲಿ.

ಹೌದು. ಮಾಲತಿ ಅಡಿಕೆ ಸುಲಿಯುವುದು ರಾಕೇಶಗೌಡನ ಮನೆಯಲ್ಲೇ. ಕಾಲನಿಯ ಹೆಂಗಸರೆಲ್ಲ ಅಲ್ಲೇ. ಗಂಡ ಅಡ್ಡಗದ್ದೆ ಕಡೆ ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೆಲಸಕ್ಕೆ ಹೋದರೆ ವಾರಕ್ಕೊಮ್ಮೆ ಬರುತ್ತಾನೆ. ಮಗಳನ್ನು ಒಬ್ಬಳನ್ನೇ ಮನೆಯಲ್ಲಿ ಬಿಡುವ ಹಾಗಿಲ್ಲ. ರಾಕೇಶಗೌಡನ ತಾಯಿ ಸುಲೋಚನಮ್ಮನೇ ಅಂದಿದ್ದಳು, "ಕೂಸನ್ನ ಮನೇಲಿ ಬಿಟ್ಟು ಎಂತ ಮಾಡ್ತೀಯೆ? ಕರ್ಕಂಬಾ. ಹಣ್ಣಡಿಕೆ ಆರಿಸ್ಲಿ." ಮೊದಲ ದಿನ ಹಣ್ಣಡಿಕೆ ಆರಿಸಿದಳು. ಆಮೇಲೆ, "ಸುಮ್ನೆ ಕೂರೋ ಬದ್ಲು ನಾಕು ಕಾಯಿ ಸುಲೀಲಿ, ಕೈ ಪಳಗುತ್ತೆ" ಅಂದಳು. ಕೈ ಪಳಗಿತು.

"ಮಗುವಿನ ಹತ್ರ ಕೆಲಸ ಮಾಡಿಸ್ಬಾರ್ದು. ತಪ್ಪಲ್ವಾ?" ಅಂದರು ಸಿಸ್ಟರ್.

ಯಾರ ಅಂಗಳ ಎಂಬ ಮಾತು ಮಾಲತಿಯ ನಾಲಿಗೆ ತುದಿಗೆ ಬಂತು. ನುಂಗಿಕೊಂಡಳು. ಸುಗ್ಗಿ ಈಗಷ್ಟೇ ಶುರುವಾಗಿತ್ತು. ಗೌಡರ ಅಂಗಳ ಬಿಟ್ಟರೆ ಬೇರೆ ಅಂಗಳವಿಲ್ಲ. "ತಪ್ಪಾಯ್ತು ಸಿಸ್ಟರ್" ಅಂದಳು. ಮಾಡದ ತಪ್ಪನ್ನು ಒಪ್ಪಿಕೊಳ್ಳುವುದು ಅವಳಿಗೆ ಅಭ್ಯಾಸವಾಗಿ ಹೋಗಿತ್ತು.

"ಶನಿವಾರದ ಒಳಗೆ ಕೈ ಸ್ವಚ್ಛ ಆದ್ರೆ ಕ್ಲಾಸಿಗೆ ಬರ್ಲಿ. ಇಲ್ಲದಿದ್ರೆ ಪ್ರೋಗ್ರಾಂಗೆ ಕಷ್ಟ ಆಗ್ತದೆ."

ಆ ವಾರವೆಲ್ಲ ಮಾಲತಿ ಮಗಳ ಕೈ ತಿಕ್ಕಿದಳು. ನಿಂಬೆಹಣ್ಣು ಹಾಕಿ ತಿಕ್ಕಿದಳು. ಹುಣಸೆಹುಳಿ ಹಾಕಿದಳು. ಬೂದಿ ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿದಳು. ಪಾತ್ರೆಯನ್ನೂ ಇಷ್ಟು ಉಜ್ಜಿರಲಿಲ್ಲ. ಕರೆ ಕಂದಾಯಿತು, ಹೋಗಲಿಲ್ಲ. ಶುಕ್ರವಾರ ಸಂಜೆ ಅವಳಿಗೆ ಹುಚ್ಚೇ ಹಿಡಿಯಿತು. ಬಾವಿಗೆ ಹಾಕಲು ಪಂಚಾಯ್ತಿಯವರು ಕೊಟ್ಟಿದ್ದ ಬ್ಲೀಚಿಂಗ್ ಪೌಡರು ಮೂಲೆಯಲ್ಲಿತ್ತು. ನೀರಿಗೆ ಕದಡಿದಳು. ಮಗಳ ಕೈ ಹಿಡಿದು ಮುಳುಗಿಸಿದಳು.

"ಅವ್ವ, ಉರಿತದೆ."

"ತಡಕ."

"ಅವ್ವಾ, ಬಿಡೇ. ಉರಿತದೆ ಅವ್ವಾ."

"ಪಿಯಾನೋ ಬೇಕಲ್ಲ? ಹಂಗಾರೆ ತಡಕ!"

ಬೆರಳ ಸಂದಿಯ ಚರ್ಮ ಎದ್ದು ಬಂತು. ನೀರು ಕೆಂಪಾಯಿತು. ಆಗ ಮಾಲತಿಗೆ ಎಚ್ಚರವಾಯಿತು. ಕೈ ಹೊರಗೆ ತೆಗೆದು ನೋಡಿದರೆ ಸುತ್ತಲೂ ಚರ್ಮ ಕೆಂಪು, ನಡುವೆ ಸೀಳುಗಳಲ್ಲಿ ಕರೆ ಹಾಗೇ ಇತ್ತು. ಅವಳು ಮಗಳನ್ನು ಎದೆಗೆ ಒತ್ತಿಕೊಂಡು ಅತ್ತಳು. ತನ್ನ ಕೈಯನ್ನು ತಾನೇ ಕಡಿದು ಹಾಕಬೇಕು ಅನ್ನಿಸಿತು. ಕೊಬ್ಬರಿ ಎಣ್ಣೆ ಹಚ್ಚಿ ಊದಿದಳು. ಹುಡುಗಿ ಬಿಕ್ಕುತ್ತಲೇ, "ಈಗ ಬೆಳ್ಳಗಾಯ್ತನಾ ಅವ್ವ?" ಅಂದಳು.

ಶನಿವಾರ ಸಿಸ್ಟರ್ ಆ ಕೈ ನೋಡಿ ಗಾಬರಿಯಾದರು. ಔಷಧಿ ಹಚ್ಚಿದರು. ಅವರ ಕಣ್ಣಲ್ಲಿ ನೀರು ಬಂತಂತೆ. ಬಂದಿರಬಹುದು, ಕೆಟ್ಟ ಹೆಂಗಸಲ್ಲ ಅವರು. ಆದರೆ ಕಮಿಟಿಯ ಫೋನು ಬಂದರೆ ಅವರ ದನಿ ಅರ್ಧಕ್ಕೆ ಇಳಿಯುತ್ತಿತ್ತು. ಅತ್ತ ಕಮಿಟಿಗೂ ಬೇಜಾರಾಗಬಾರದು, ಇತ್ತ ಮಗುವೂ ಬಿಟ್ಟುಹೋಗಬಾರದು. ಅಂಥ ಒಂದು ಉಪಾಯ ಸಿಕ್ಕಿತು. ಗ್ಲೌಸು. ಆಸ್ಪತ್ರೆಯಲ್ಲಿ ಹಾಕುವ ತೆಳು ರಬ್ಬರಿನ ಗ್ಲೌಸು. ದೊಡ್ಡವರ ಅಳತೆಯದು.

ಆರು ಮಕ್ಕಳಲ್ಲಿ ಐದು ಮಕ್ಕಳ ಕೈ ಬರಿದು. ಸಿಂಚನಳ ಕೈಗೆ ಮಾತ್ರ ಗ್ಲೌಸು. ಬೆರಳ ತುದಿಯಲ್ಲಿ ರಬ್ಬರು ಉಳಿದು ಜೋತಾಡುತ್ತಿತ್ತು. ಒಂದು ಕೀಲಿ ಒತ್ತಿದರೆ ಎರಡು ಒತ್ತುತ್ತಿತ್ತು. ಗಾಯದ ಮೇಲೆ ಬೆವರು ಇಳಿದು ಉರಿಯುತ್ತಿತ್ತು. "ಡಾಕ್ಟ್ರು ಬಂದ್ರು, ಇಂಜೆಕ್ಷನ್ ಹಾಕ್ತಾರೆ" ಅಂತ ಹಿಂದಿನ ಬೆಂಚಿನವರು ನಕ್ಕರು. ಮಾಸ್ಟ್ರು, "ಸರಿಯಾಗಿ ಬಾರಿಸಮ್ಮ, ಎಲ್ಲರದೂ ಕೆಡ್ತದೆ" ಅಂದರು. ಕೆಡುತ್ತಿದ್ದದ್ದು ಯಾರದೆಂದು ಅವರು ಕೇಳಿಕೊಳ್ಳಲಿಲ್ಲ.

ಮನೆಗೆ ಬಂದ ಸಿಂಚನ ಹಲಗೆಯನ್ನು ತೆಗೆದುಕೊಳ್ಳಲಿಲ್ಲ. ಗೋಡೆಗೆ ಒರಗಿಸಿದ್ದ ಹಲಗೆ ಅಲ್ಲೇ ಇತ್ತು. ಏನಾಯಿತೆಂದು ಮಾಲತಿಗೆ ಕಾಲನಿಯ ಉಳಿದ ಮೂರು ಮಕ್ಕಳಿಂದ ತಿಳಿಯಿತು.

ಮರುದಿನ ಭಾನುವಾರ. ಮಾಲತಿ ಮಗಳನ್ನು ಕಾಲನಿಯ ಸೀತಕ್ಕನ ಮನೆಯಲ್ಲಿ ಬಿಟ್ಟು ಗೌಡರ ಅಂಗಳಕ್ಕೆ ಹೋದಳು. ಮೆಟ್ಟುಗತ್ತಿಯ ಮಣೆಯ ಮೇಲೆ ಕಾಲು ಮಡಿಸಿ ಕೂತಳು. ಮಣೆಗೆ ನೆಟ್ಟ ಕತ್ತಿಯ ಬಾಯಿಗೆ ಕಾಯಿ ಒತ್ತಬೇಕು, ತಿರುವಬೇಕು, ಹೆಬ್ಬೆರಳಿನಿಂದ ಸಿಪ್ಪೆ ಸೀಳಿ ಒಳಗಿನ ಬೇಳೆ ಬೀಳಿಸಬೇಕು. ಹಿಡಿತ ಕೂದಲೆಳೆಯಷ್ಟು ತಪ್ಪಿದರೆ ಬೆರಳು ಹೋಯಿತು. ಬೆನ್ನು ಸೆಟೆದು, ಸೊಂಟ ಹಿಡಿದು, ತೊಡೆ ಜೋಮು ಹಿಡಿಯುವವರೆಗೆ ಅದೇ. ರಾಕೇಶಗೌಡ ಬೈಕು ನಿಲ್ಲಿಸಿ ಬಂದ.

"ಎಂತ ಮಾಲತಿ, ಮಗಳು ಕ್ಲಾಸಿಗೆ ಹೋಗ್ತಾ ಇದಾಳಲ್ಲ?"

"ಹೂಂ ಗೌಡ್ರೇ."

"ಪೂರ್ತಿ ತೆಗೀರಿ ಅವಳನ್ನ ಅಂತ ಎಲ್ರೂ ಗಲಾಟೆ ಮಾಡಿದ್ರು ಮಾರಾಯ್ತಿ. ನಾನೇ ತಡೆದೆ. ಪಾಪ, ಕಲೀಲಿ, ಒಂದು ಗ್ಲೌಸ್ ಹಾಕ್ಸಿ ಅಂದೆ. ಐಡಿಯಾ ನಂದೇ."

ಅವನು ಅಲ್ಲೇ ನಿಂತಿದ್ದ. ಅವಳು ಕೈ ಮುಗಿದು ಏನಾದರೂ ಹೇಳುತ್ತಾಳೆಂದು ಕಾಯುತ್ತಿದ್ದ. ಮಾಲತಿ ತಲೆ ಎತ್ತಲಿಲ್ಲ. ಕಾಯಿ ಒತ್ತಿದಳು, ತಿರುವಿದಳು. ಒತ್ತಿದಳು, ತಿರುವಿದಳು. ಕಣ್ಣು ಮಂಜಾಯಿತು. ಕತ್ತಿ ಹೆಬ್ಬೆರಳಿಗೆ ಇಳಿಯಿತು.

ಸುಲೋಚನಮ್ಮ ಜಗಲಿಯಿಂದಲೇ ಕೂಗಿದಳು, "ಅಯ್ಯೋ, ಅಡಿಕೆಗೆ ರಕ್ತ ಹತ್ತುತ್ತೆ ಕಣೇ! ಆಚೆ ಹಿಡಿ ಕೈನ!"

ಬೆರಳಿಗೆ ಎಷ್ಟು ಗಾಯವಾಯಿತೆಂದು ಕೇಳಲಿಲ್ಲ. ಅಡಿಕೆಗೆ ಏನಾಯಿತೆಂದು ನೋಡಿದಳು. ಮಾಲತಿ ಸೆರಗು ಹರಿದು ಬೆರಳಿಗೆ ಸುತ್ತಿದಳು. ಎದ್ದು ಸೀದಾ ಕೊಪ್ಪದ ಬಸ್ಸು ಹತ್ತಿದಳು. ಮೆಡಿಕಲ್ ಶಾಪಿಗೆ ಹೋಗಿ ಗ್ಲೌಸು ಕೇಳಿದಳು. ಗಾಯಕ್ಕಾ ಅಂದ ಅಂಗಡಿಯವನು. "ಹೌದು, ಗಾಯಕ್ಕೇ. ಒಂದು ಡಬ್ಬ ಕೊಡಿ" ಅಂದಳು.

ಸೋಮವಾರ ಅಂಗಳದಲ್ಲಿ ಹೊಸ ಕೊನೆಯ ರಾಶಿ ಬಿದ್ದಿತ್ತು. ಇಳಿಸಿದ ಕಾಯನ್ನು ಹೆಚ್ಚು ಹೊತ್ತು ಇಡುವ ಹಾಗಿಲ್ಲ. ಬೇಗ ಸುಲಿದು ಬೇಯಿಸದಿದ್ದರೆ ಬಣ್ಣ ಕೆಟ್ಟು ರೇಟು ಬಿದ್ದುಹೋಗುತ್ತದೆ. ಹೆಂಗಸರೆಲ್ಲ ಮಣೆ ಎಳೆದುಕೊಂಡು ಕೂತಿದ್ದರು. ಮಾಲತಿ ಡಬ್ಬ ಬಿಚ್ಚಿ ಒಬ್ಬೊಬ್ಬರ ಮಡಿಲಿಗೆ ಒಂದೊಂದು ಜೊತೆ ಹಾಕಿದಳು.

ಎಲ್ಲರಿಗಿಂತ ಹಿರಿಯಳು ವೀರಮ್ಮ. ಅವಳ ಬೆರಳುಗಳು ಸುಲಿದೂ ಸುಲಿದೂ ಸೊಟ್ಟಗಾಗಿದ್ದವು. "ಎಂತದೇ ಇದು ಮಾರಾಯ್ತಿ, ಹೆರಿಗೆ ಮಾಡಿಸ್ಲಿಕ್ಕೆ ಹೊರಟಿದೀಯನೇ?" ಅಂದಳು. ಎಲ್ಲರೂ ನಕ್ಕರು.

ಮಾಲತಿ ನಗಲಿಲ್ಲ. "ನನ್ನ ಮಗಳ ಕೈ ಇವ್ರ ಮಗಳ ಕೀಬೋರ್ಡಿಗೆ ತಾಗ್ಬಾರ್ದಂತೆ. ಗ್ಲೌಸ್ ಹಾಕ್ಸಿದಾರೆ. ಅದೇ ಕೈಲಿ ಇಲ್ಲಿ ಕಾಯಿ ಸುಲಿಸಿದ್ರಲ್ಲ, ಆಗ ಯಾವ ಗ್ಲೌಸೂ ಇರ್ಲಿಲ್ಲ. ಇವತ್ತು ನಾವೂ ಹಾಕ್ಕಂಡೇ ಸುಲಿಯೋದು" ಅಂದಳು.

ನಗು ನಿಂತಿತು. ಸೀತಕ್ಕ ಗ್ಲೌಸನ್ನು ಮಡಿಲಿಂದ ತೆಗೆದು ಪಕ್ಕಕ್ಕಿಟ್ಟಳು. "ನನ್ನ ಕೈಲಾಗಲ್ಲ ಕಣೇ, ನನ್ನ ಮನೆ ಇರೋದೇ ಇವ್ರ ಜಾಗದಲ್ಲಿ" ಅಂದಳು. ಯಾರೂ ಅವಳನ್ನು ಬೈಯಲಿಲ್ಲ. ವೀರಮ್ಮ ತನ್ನ ಸೊಟ್ಟ ಬೆರಳುಗಳನ್ನು ಒಂದೊಂದಾಗಿ ಗ್ಲೌಸಿಗೆ ತೂರಿಸಿದಳು. ಬಹಳ ಹೊತ್ತು ಹಿಡಿಯಿತು. ಅವಳು ತೂರಿಸಿ ಮುಗಿಸುವಷ್ಟರಲ್ಲಿ ಉಳಿದವರೂ ಹಾಕಿಕೊಂಡಿದ್ದರು.

ಗ್ಲೌಸು ಹಾಕಿಕೊಂಡು ಹಸಿ ಅಡಿಕೆ ಸುಲಿಯಲಿಕ್ಕೆ ಆಗುವುದಿಲ್ಲ. ರಸ ತಾಗಿದ ಕೂಡಲೇ ರಬ್ಬರು ಜಾರುತ್ತದೆ. ಕಾಯಿ ಹಿಡಿತಕ್ಕೆ ಸಿಗುವುದಿಲ್ಲ. ಒತ್ತಿದರೆ ಅಂಗಳದ ಆ ಮೂಲೆಗೆ ಹಾರುತ್ತದೆ. ಹಾರಿತು. ಒಂದು ಬಚ್ಚಲ ಕಡೆಗೆ, ಒಂದು ತುಳಸಿಕಟ್ಟೆಗೆ, ಒಂದು ಸುಲೋಚನಮ್ಮನ ಕಾಲಿನ ಬುಡಕ್ಕೆ.

"ರಾಕೇಶಾ! ಬಾರೋ ಇಲ್ಲಿ, ಇವ್ರಿಗೆ ಎಂತೋ ಆಗಿದೆ!"

ರಾಕೇಶಗೌಡ ಬಂದ. ಸಾಲಾಗಿ ಬಿಳಿ ಕೈಗಳನ್ನು ನೋಡಿದ. ಒಂದು ಗಳಿಗೆ ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು.

"ತೆಗೀರಿ ಅದನ್ನ."

"ನಮ್ಮ ಕರೆ ನಿಮ್ಮ ಅಡಿಕೆಗೆ ಹತ್ತುತ್ತೆ ಗೌಡ್ರೇ" ಅಂದಳು ಮಾಲತಿ.

"ತಮಾಷೆ ಮಾಡ್ತೀಯಾ? ರಾಶಿ ಬಿದ್ದಿದೆ ಇಲ್ಲಿ. ಯಾವನು ಹೇಳ್ಕೊಟ್ಟಿದ್ದು ನಿಂಗೆ ಇದನ್ನ?"

"ನೀವೇ. ಐಡಿಯಾ ನಿಮ್ಮದೇ ಅಂದ್ರಲ್ಲ ನಿನ್ನೆ?"

ವೀರಮ್ಮ ಫಕ್ಕನೆ ನಕ್ಕಳು. ಗೌಡನ ಮುಖಕ್ಕೆ ರಕ್ತ ಏರಿತು.

"ಶಾಲೆಗೆ ಫೋನ್ ಮಾಡಿ ನನ್ನ ಮಗಳ ಗ್ಲೌಸ್ ತೆಗೆಸಿ. ನಾವು ಇಲ್ಲಿ ತೆಗಿತೀವಿ. ಸಂಜೆ ಒಳಗೆ ರಾಶಿ ಮುಗಿಸಿ ಕೊಡ್ತೀವಿ" ಅಂದಳು ಮಾಲತಿ.

ಅವನು ಫೋನು ಕೈಯಲ್ಲಿ ಹಿಡಿದುಕೊಂಡು ನಿಂತ. ಒಂದು ಫೋನಿನ ಕೆಲಸ. ಅರ್ಧ ನಿಮಿಷದ ಮಾತು. ಅಂಗಳದ ತುಂಬ ಅಡಿಕೆ ಬಿದ್ದಿತ್ತು, ನಷ್ಟ ಕಣ್ಣೆದುರೇ ಇತ್ತು. ಆದರೂ ಅವನ ಕೈ ಬರಲಿಲ್ಲ. ಅಡಿಕೆ ಕೆಟ್ಟರೆ ಕೆಡಲಿ ಅನ್ನಿಸಿತು ಅವನಿಗೆ, ಈ ಹೆಂಗಸಿನ ಮಾತು ನಡೆಯಬಾರದು. ಜಾತಿ ಅಂದರೆ ಇದೇ ಕಣ್ರೀ. ಸ್ವಂತ ಗಂಟು ಹೋದರೂ ಚಿಂತೆಯಿಲ್ಲ ಅನ್ನಿಸುವಂಥದ್ದು.

"ಏಳಿ ಎಲ್ರೂ. ನಾಳೆಯಿಂದ ಒಬ್ಬಳೂ ಈ ಅಂಗಳಕ್ಕೆ ಕಾಲಿಡಬೇಡಿ."

ಎದ್ದರು. ಸೀತಕ್ಕನೂ ಎದ್ದಳು. ಅವಳು ಗ್ಲೌಸು ಹಾಕಿರಲಿಲ್ಲ, ಆದರೂ ಎಲ್ರೂ ಅಂದರೆ ಎಲ್ರೂ.

ಆ ವಾರವೇ ಸುಲಿಯುವ ಮಿಷಿನ್ ಬಂತು. ನರಸಿಂಹರಾಜಪುರದ ಕಡೆಯಿಂದ ಬಾಡಿಗೆಗೆ ತಂದರು. ಅದರ ಗಡಗಡ ಸದ್ದು ಕಾಲನಿಯವರೆಗೆ ಕೇಳುತ್ತಿತ್ತು. ಹೆಂಗಸರು ಜಗಲಿಯಲ್ಲಿ ಕೂತು ಕೇಳಿದರು. ಒಬ್ಬಿಬ್ಬರು ಮಾಲತಿಯ ಮನೆ ಮುಂದೆ ಬಂದು, "ನಿನ್ನ ಮಗಳ ಪಿಯಾನೋ ನಮ್ಮ ಅನ್ನಕ್ಕೆ ಬಂತಲ್ಲೇ" ಅಂತ ಅಂದೂ ಹೋದರು. ಅವರು ಹೇಳಿದ್ದು ಸುಳ್ಳಲ್ಲ. ಮನೆಯಲ್ಲಿ ಗಂಜಿ ತೆಳುವಾಯಿತು. ಮಾಲತಿ ಮೇಗುಂದದವರೆಗೆ ನಡೆದು ಕೆಲಸ ಕೇಳಿ ಬಂದಳು. ಸುದ್ದಿ ಅವಳಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು.

ಸುಲಿತವಿಲ್ಲದ ಮೇಲೆ ಕೈಗಳ ಬಣ್ಣ ಬದಲಾಗತೊಡಗಿತು. ದಿನ ಹೋದ ಹಾಗೆ ಕರೆ ಕಂದಿತು. ವೀರಮ್ಮ ಅಂಗೈ ತಿರುಗಿಸಿ ನೋಡಿಕೊಂಡು, "ನೋಡೇ, ಹೊಟ್ಟೆಗಿಲ್ಲದಿದ್ರೆ ಕೈ ಎಷ್ಟು ಬೆಳ್ಳಗಾಗ್ತದೆ!" ಅಂದಳು.

ಸಿಂಚನಳ ಎಳೆ ಚರ್ಮ ಎಲ್ಲರಿಗಿಂತ ಬೇಗ ತಿಳಿಯಾಯಿತು. ಗಾಯ ಮಾಯಿತು. ಒಂದು ಬೆಳಗ್ಗೆ ಮಾಲತಿ ಮಗಳ ಕೈಯನ್ನು ಬಿಸಿಲಿಗೆ ಹಿಡಿದು ನೋಡಿದಳು. ಒಂದು ಚುಕ್ಕೆ ಇಲ್ಲ. ಉಗುರ ಸಂದಿಯಲ್ಲೂ ಇಲ್ಲ. ಅವಳಿಗೆ ಹೋದ ಜೀವ ಬಂದಂತಾಯಿತು. ಕೆಲಸ ಹೋಯಿತು, ಹೋಗಲಿ. ಹುಡುಗಿ ಬರಿಗೈಯಲ್ಲಿ ಬಾರಿಸುತ್ತಾಳೆ. ಮಗಳ ಕೈ ಹಿಡಿದು ಏದುಸಿರು ಬಿಡುತ್ತಾ ಗುಡ್ಡ ಹತ್ತಿದಳು. ಸಿಸ್ಟರ್ ಮುಂದೆ ಆ ಎರಡು ಪುಟ್ಟ ಕೈಗಳನ್ನು ಅಂಗಾತ ಹಿಡಿದು ತೋರಿಸಿದಳು.

"ನೋಡಿ ಸಿಸ್ಟರ್. ಪೂರ್ತಿ ಹೋಯ್ತು."

ಸಿಸ್ಟರ್ ನೋಡಿದರು. ಕೈ ಮುಟ್ಟಿದರು. ಕಿಟಕಿಯ ಕಡೆ ತಿರುಗಿದರು.

"ಒಳ್ಳೆದಾಯ್ತು ಮಾಲತಿ. ತುಂಬಾ ಒಳ್ಳೆದಾಯ್ತು. ಆದ್ರೆ ಪ್ರೋಗ್ರಾಂ ಮುಗಿಯುವ ತನಕ ಗ್ಲೌಸ್ ಇರ್ಲಿ. ಬಿಳಿ ಬಟ್ಟೆಯದು ತರಿಸಿದ್ದೇನೆ, ಚಂದ ಉಂಟು. ದೇವದೂತರ ಹಾಗೆ ಕಾಣ್ತಾಳೆ."

"ಕರೆ ಇಲ್ವಲ್ಲ ಸಿಸ್ಟರ್?"

"ಇಲ್ಲ."

"ಮತ್ತೆ ಯಾಕೆ?"

ಸಿಸ್ಟರ್ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ನಿಮಗೆ ಗೊತ್ತುಂಟಲ್ಲ ಮಾಲತಿ. ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀರಿ?" ಅಂದರು.

ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು. ಆದರೂ ನಿಂಬೆಹಣ್ಣು ಹಾಕಿ ತಿಕ್ಕಿದ್ದಳು. ಬ್ಲೀಚಿಂಗ್ ಪೌಡರಿನಲ್ಲಿ ಮಗಳ ಕೈ ಅದ್ದಿದ್ದಳು. ಮಗಳ ಚರ್ಮ ಕಿತ್ತದ್ದು ಕರೆ ತೆಗೆಯಲಿಕ್ಕಲ್ಲ, ಇವರ ಸುಳ್ಳನ್ನು ನಂಬಿ. ಸಿಂಚನ ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಇಳಿದು ಬರುವಾಗ ದಾರಿಯಲ್ಲಿ, "ಅವ್ವ, ನನ್ನ ಕೈ ಬೆಳ್ಳಗಿದೆ ಅಲ್ದಾ?" ಅಂದಳು.

"ಇದೆ ಮಗಾ."

"ಕಪ್ಪಗಿದ್ರೂ ನನ್ನದೇ ಅಲ್ದಾ?"

ಮಾಲತಿ ನಿಂತು ಮಗಳನ್ನು ನೋಡಿದಳು. "ನಿನ್ನದೇ" ಅಂದಳು.

ಆ ಸಂಜೆ ಹುಡುಗಿ ಹಲಗೆ ಕೈಗೆತ್ತಿಕೊಂಡಳು. ಮಾಸಿದ ಕೀಲಿಗಳ ಮೇಲೆ ಮತ್ತೆ ಇದ್ದಿಲು ಎಳೆದಳು.

ಕಾರ್ಯಕ್ರಮದ ದಿನ ಶಾಲೆಯ ಅಂಗಳದಲ್ಲಿ ಶಾಮಿಯಾನ. ಮುಂದಿನ ಸಾಲಿನಲ್ಲಿ ಕಮಿಟಿ. ನಡುವೆ ರಾಕೇಶಗೌಡ, ಪಕ್ಕದಲ್ಲಿ ಹೆಂಡತಿ. ಕಾಲನಿಯ ಹೆಂಗಸರು ಕಟ್ಟಕಡೆಯ ಸಾಲಿನಲ್ಲಿ. ವೀರಮ್ಮನೂ ಬಂದಿದ್ದಳು, ಬೈದು ಹೋದವರೂ ಬಂದಿದ್ದರು. ಮಾಲತಿ ಎಂದಿನಂತೆ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು.

ಪರದೆ ಸರಿಯಿತು. ಆರು ಮಕ್ಕಳು, ಮೂರು ಕೀಬೋರ್ಡು. ಎಲ್ಲರಿಗೂ ಬಿಳಿ ಅಂಗಿ. ಗ್ಲೌಸು ಒಬ್ಬಳಿಗೇ. ಮಾಸ್ಟ್ರು ಕೈ ಎತ್ತಿದರು.

ಸಿಂಚನ ಬಲಗೈಯ ಗ್ಲೌಸಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದಳು. ಆಮೇಲೆ ಎಡಗೈಯದು. ಎರಡನ್ನೂ ಸ್ಟೇಜಿನಿಂದ ಕೆಳಗೆ ಬಿಟ್ಟಳು. ಬರಿಗೈಯನ್ನು ಕೀಲಿಗಳ ಮೇಲೆ ಇಟ್ಟಳು. ಹಾಡು ಶುರುವಾಯಿತು.

ಮುಂದಿನ ಸಾಲಿನಿಂದ ನಯನಳ ಅಮ್ಮ ಎದ್ದಳು. "ನಯನಾ, ಇಳಿ ಕೆಳಗೆ."

ನಯನ ಬಾರಿಸುತ್ತಲೇ ಅಮ್ಮನನ್ನು ನೋಡಿದಳು.

"ಇಳಿ ಅಂದೆ ನಾನು!"

ಅವಳು ಇಳಿದಳು. ಉಳಿದ ನಾಲ್ವರು ಗಲಿಬಿಲಿಯಾಗಿ ಒಬ್ಬೊಬ್ಬರೇ ಕೈ ತೆಗೆದರು. ಸಿಂಚನ ಒಬ್ಬಳೇ ಉಳಿದಳು. ಒಂದು ಕಡೆ ತಪ್ಪಿದಳು. ಮತ್ತೆ ಹಿಂದಿನಿಂದ ಹಿಡಿದಳು. ಯಾರೋ ಪರದೆ ಎಳೆದರು. ಪರದೆಯ ಹಿಂದಿನಿಂದ ಹಾಡು ಬರುತ್ತಲೇ ಇತ್ತು. ರಾಕೇಶಗೌಡ ಮಾಸ್ಟ್ರ ಕಡೆ ನೋಡಿದ. ಮಾಸ್ಟ್ರು ಹೋಗಿ ವೈರು ಕಿತ್ತರು.

ಹಾಡು ನಿಂತಿತು. ಆಗ ಪರದೆಯ ಹಿಂದೆ ಕೇಳಿಸಿತು, ಟಕ ಟಕ, ಟಕ ಟಕ. ಸತ್ತ ಕೀಲಿಗಳ ಮೇಲೆ ಬೆರಳು ಓಡುವ ಸದ್ದು. ಇದ್ದಿಲಿನ ಗೆರೆಯ ಮೇಲೆ ಕಲಿತವಳಿಗೆ ಕರೆಂಟು ಯಾತಕ್ಕೆ?

ಮಾಲತಿ ಸೆರಗು ಬಿಡಿಸಿಕೊಂಡು ಎದ್ದಳು. ಇನ್ನೂ ಪೂರ್ತಿ ತಿಳಿಯಾಗದ ಕೈಗಳನ್ನು ಎಲ್ಲರ ಕಣ್ಣೆದುರು ಬೀಸುತ್ತಾ ಸಾಲುಗಳ ನಡುವೆ ನಡೆದಳು. ಕೆಳಗೆ ಬಿದ್ದಿದ್ದ ಗ್ಲೌಸಿನ ಮೇಲೆ ಕಾಲಿಟ್ಟು ದಾಟಿದಳು. ಸ್ಟೇಜಿನ ಮೆಟ್ಟಿಲ ಹತ್ತಿರ ಸಿಸ್ಟರ್ ಲೀನಾ ಅಡ್ಡ ಬಂದರು. ಅವರ ಮುಖ ಬಿಳಿಚಿಕೊಂಡಿತ್ತು.

"ಮಾಲತಿ, ದಮ್ಮಯ್ಯ, ಅವಳನ್ನು ಕರ್ಕೊಂಡು ಹೋಗಿ."

"ಹೋಗ್ತೀನಿ ಸಿಸ್ಟರ್" ಅಂದಳು ಮಾಲತಿ. ಮೆಟ್ಟಿಲ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಕೂತಳು. "ಹಾಡು ಮುಗೀಲಿ."